ಸುರುಳಿಯ ಮುಂದೆ ಯಾರಿಗೆ ಕರೆ?

ಕೊಚ್ಚಿಯ ಯಹೂದಿಗಳಿಗೆ ಪುರೋಹಿತರ ಚಿಂತೆ ಇರಲಿಲ್ಲ. ಶಾಸ್ತ್ರ ಓದಿ ಪದವಿ ಪಡೆದ ರಬ್ಬಿಗಳು ಅಲ್ಲಿ ನೆಲೆಸಿದ್ದು ಅಪರೂಪ. ಹೀಬ್ರೂ ಚೆನ್ನಾಗಿ ಬಲ್ಲ ವ್ಯಾಪಾರಿಯೋ ಗುಮಾಸ್ತನೋ ಎದ್ದು ನಿಂತು ಪ್ರಾರ್ಥನೆ ನಡೆಸಿದರೆ ಸಾಕು, ಹಬ್ಬ, ಮದುವೆ ಎಲ್ಲವೂ ಸಾಂಗವಾಗಿ ಮುಗಿಯುತ್ತಿತ್ತು. ಈಗಲೂ ಮಟ್ಟಾಂಚೇರಿಗೆ ಹೋದರೆ 1568ರಲ್ಲಿ ಕಟ್ಟಿದ ಪರದೇಶಿ ಸಿನಗಾಗ್, ಅಂದರೆ ಯಹೂದಿ ಪ್ರಾರ್ಥನಾಮಂದಿರ, ಅಚ್ಚುಕಟ್ಟಾಗಿ ನಿಂತಿದೆ. ಚೀನಾದಿಂದ ತರಿಸಿದ ನೀಲಿ ಚಿತ್ತಾರದ ಬಿಲ್ಲೆಗಳ ನೆಲ ಇದೆ. ತೋರಾ ಸುರುಳಿಗಳಿವೆ, ಸುರುಳಿಗೆ ತೊಡಿಸಲೆಂದು 1805ರಲ್ಲಿ ತಿರುವಾಂಕೂರಿನ ಮಹಾರಾಜರು ಕೊಟ್ಟ ಚಿನ್ನದ ಕಿರೀಟವೂ ಇದೆ. ಆದರೆ ಹೊರಗಿನಿಂದ ಯಹೂದಿ ಯಾತ್ರಿಕರು ಬಂದು ಸೇರದಿದ್ದರೆ ಶನಿವಾರದ ಓದು ನಡೆಯುವುದಿಲ್ಲ. ಯಾಕೆಂದರೆ ಹತ್ತು ಜನ ಇಲ್ಲ.

ಒಬ್ಬರೇ ಕುಳಿತು ಪ್ರಾರ್ಥಿಸಲು ಯಹೂದಿ ಧರ್ಮದಲ್ಲಿ ಅಡ್ಡಿಯಿಲ್ಲ. ತೋರಾವನ್ನು, ಅಂದರೆ ಮೋಶೆಯ ಐದು ಗ್ರಂಥಗಳನ್ನು, ಮನೆಯಲ್ಲಿ ಓದಿಕೊಳ್ಳಲೂ ಅಡ್ಡಿಯಿಲ್ಲ. ಆದರೆ ಸುರುಳಿಯನ್ನು ಪೆಟ್ಟಿಗೆಯಿಂದ ಹೊರತೆಗೆದು ಸಭೆಯಲ್ಲಿ ಓದಬೇಕಾದರೆ ಹದಿಮೂರು ತುಂಬಿದ ಹತ್ತು ಗಂಡಸರು ಇರಲೇಬೇಕೆಂಬುದು ಸಂಪ್ರದಾಯ. ಇದಕ್ಕೆ ಮಿನ್ಯಾನ್ ಎಂದು ಹೆಸರು. ಒಂಬತ್ತು ಮಂದಿ ರಬ್ಬಿಗಳು ಸೇರಿದರೂ ಮಿನ್ಯಾನ್ ಆಗುವುದಿಲ್ಲ, ಚಪ್ಪಲಿ ಹೊಲಿಯುವ ಹತ್ತು ಮಂದಿ ಸೇರಿದರೆ ಆಗುತ್ತದೆ ಎಂಬ ಮಾತು ಅವರಲ್ಲೇ ಚಾಲ್ತಿಯಲ್ಲಿದೆ.

ಈ ಹತ್ತರ ಲೆಕ್ಕ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದರೆ ಸಿಗುವ ಕಥೆ ಸ್ವಾರಸ್ಯದ್ದು. ಸಾಮಾನ್ಯವಾಗಿ ಜೂನ್ ತಿಂಗಳ ಹೊತ್ತಿಗೆ ಓದುವ ‘ಶೆಲಾಖ್’ ಎಂಬ ವಾರದ ಪಾಠದಲ್ಲಿ ಅದು ಬರುತ್ತದೆ. ಅರಣ್ಯಕಾಂಡದ 13ರಿಂದ 15ರವರೆಗಿನ ಅಧ್ಯಾಯಗಳು. ಈಜಿಪ್ಟಿನಿಂದ ಬಿಡುಗಡೆಯಾಗಿ ಬಂದ ಇಸ್ರಾಯೇಲ್ಯರು ಕಾನಾನ್ ದೇಶದ ಹೊಸ್ತಿಲಲ್ಲಿ ಬೀಡುಬಿಟ್ಟಿದ್ದಾರೆ. ಕುಲಕ್ಕೊಬ್ಬರಂತೆ ಹನ್ನೆರಡು ಮಂದಿ ಮುಖಂಡರನ್ನು ಗೂಢಚಾರರಾಗಿ ಕಳಿಸಲಾಗುತ್ತದೆ. ನಲವತ್ತು ದಿನ ತಿರುಗಾಡಿ, ಇಬ್ಬರು ಅಡ್ಡೆ ಹೊರಬೇಕಾದಷ್ಟು ದೊಡ್ಡ ದ್ರಾಕ್ಷಿ ಗೊಂಚಲು ಹೊತ್ತು ಅವರು ಹಿಂತಿರುಗುತ್ತಾರೆ. ನೆಲವೇನೋ ಸಮೃದ್ಧ, ಆದರೆ ಅಲ್ಲಿರುವವರು ದೈತ್ಯರು, ಅವರೆದುರು ನಾವು ಮಿಡತೆಗಳು ಎಂದು ಹತ್ತು ಮಂದಿ ಕೈಚೆಲ್ಲುತ್ತಾರೆ. ಹೋಗೋಣ, ಗೆಲ್ಲುತ್ತೇವೆ ಎನ್ನುವವರು ಕಾಲೇಬ, ಯೆಹೋಶುವ ಇಬ್ಬರೇ. ಜನ ರಾತ್ರಿಯಿಡೀ ಅಳುತ್ತಾರೆ. ಸುತ್ತಾಡಿದ ಒಂದೊಂದು ದಿನಕ್ಕೆ ಒಂದೊಂದು ವರ್ಷದಂತೆ ನಲವತ್ತು ವರ್ಷ ಅರಣ್ಯವಾಸದ ಶಿಕ್ಷೆ ಬೀಳುತ್ತದೆ.

ಆ ಹತ್ತು ಮಂದಿಯ ಮೇಲೆ ಸಿಟ್ಟಾದ ದೇವರು ಅವರನ್ನು ಕೆಟ್ಟ ಸಭೆ ಎಂದು ಬೈಯುತ್ತಾನೆ. ಹನ್ನೆರಡರಲ್ಲಿ ಒಳ್ಳೆಯವರಿಬ್ಬರನ್ನು ಕಳೆದರೆ ಉಳಿದದ್ದು ಹತ್ತು. ಹಾಗಾದರೆ ಸಭೆಯೆಂದರೆ ಹತ್ತು ಜನ ಎಂದು ತಾಲ್ಮುದ್ ಎಂಬ ಧರ್ಮಶಾಸ್ತ್ರ ಸಂಗ್ರಹದ ಪಂಡಿತರು ತೀರ್ಮಾನಿಸಿದರು. ಸೊದೋಮ್ ನಗರವನ್ನು ಉಳಿಸೆಂದು ಅಬ್ರಹಾಮ ದೇವರೊಡನೆ ಚೌಕಾಸಿ ಮಾಡುತ್ತ ಹತ್ತು ಮಂದಿ ಸಜ್ಜನರಿಗೆ ಬಂದು ನಿಂತ ಕಥೆ ಆದಿಕಾಂಡದಲ್ಲೇ ಇತ್ತು. ಅದನ್ನೇ ಮುಖ್ಯ ಆಧಾರ ಮಾಡಿಕೊಂಡಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಅದನ್ನು ಬಿಟ್ಟು ಹೇಡಿಗಳ, ಚಾಡಿಕೋರರ ಗುಂಪನ್ನು ಹಿಡಿದುಕೊಂಡರು. ಸಭೆ ಸಭೆಯಾಗಲು ಸದ್ಗುಣಗಳ ಪರೀಕ್ಷೆ ಬೇಕಿಲ್ಲ, ಜನ ಬಂದರೆ ಸಾಕು ಎಂಬ ವಿವೇಕ ಇದರಲ್ಲಿ ಇದೆಯೆಂದು ನನಗೆ ತೋರುತ್ತದೆ. ಬಂದವರಲ್ಲಿ ಯಾರನ್ನು ಹತ್ತಿರ ಕರೆಯುವುದು ಎಂಬ ಪ್ರಶ್ನೆಯೇ ಬೇರೆ. ಜಗಳಗಳೆಲ್ಲ ಹುಟ್ಟುವುದು ಅಲ್ಲಿ.

ಮೊದಲು ಓದಿನ ಕ್ರಮ ನೋಡೋಣ. ತೋರಾವನ್ನು 54 ವಾರದ ಪಾಠಗಳಾಗಿ ವಿಂಗಡಿಸಿದ್ದಾರೆ. ವರ್ಷದಲ್ಲಿ ಶನಿವಾರಗಳು ಸಾಲದಿದ್ದಾಗ ಎರಡು ಪಾಠಗಳನ್ನು ಜೋಡಿಸಿ ಓದುತ್ತಾರೆ. ಶರತ್ಕಾಲದ ಸಿಮ್ಹಾತ್ ತೋರಾ ಹಬ್ಬದಂದು ಮೋಶೆಯ ಸಾವಿನ ಭಾಗವನ್ನು ಓದಿ ಮುಗಿಸಿ, ಕೂತಲ್ಲೇ ಮತ್ತೆ ಸೃಷ್ಟಿಯ ಮೊದಲ ಸಾಲಿನಿಂದ ಶುರು ಮಾಡುತ್ತಾರೆ. ಇದು ಬಾಬಿಲೋನಿನ ಯಹೂದಿಗಳು ರೂಢಿಗೆ ತಂದ ವಾರ್ಷಿಕ ಕ್ರಮ. ಪ್ಯಾಲೆಸ್ತೀನಿನವರು ಅದನ್ನೇ ಮೂರು ವರ್ಷಕ್ಕೂ ಮೀರಿ ಎಳೆಯುತ್ತಿದ್ದರು. 12ನೇ ಶತಮಾನದ ಪ್ರವಾಸಿ, ತುದೇಲದ ಬೆಂಜಮಿನ್, ಈಜಿಪ್ಟಿನ ಒಂದೇ ಊರಿನಲ್ಲಿ ಎರಡೂ ಪದ್ಧತಿಯ ಎರಡು ಸಿನಗಾಗ್‌ಗಳನ್ನು ಕಂಡ. ವರ್ಷವಿಡೀ ಬೇರೆ ಬೇರೆ ಪುಟದಲ್ಲಿದ್ದ ಅವರು ಸಿಮ್ಹಾತ್ ತೋರಾದಂದೂ ತೋರಾ ದೊರೆತ ದಿನದ ಹಬ್ಬದಂದೂ ಒಟ್ಟಿಗೆ ಪ್ರಾರ್ಥಿಸುತ್ತಿದ್ದರಂತೆ. ಶನಿವಾರವಲ್ಲದೆ ಸೋಮವಾರ, ಗುರುವಾರವೂ ಚಿಕ್ಕದಾಗಿ ಓದುತ್ತಾರೆ. ಹಳೆಯ ಕಾಲದಲ್ಲಿ ಅವು ಸಂತೆಯ ದಿನಗಳು. ಹಳ್ಳಿಯವರು ಊರಿಗೆ ಬರುತ್ತಿದ್ದರು, ಕೇಳುವ ಕಿವಿಗಳು ಸಿಗುತ್ತಿದ್ದವು.

ಸುರುಳಿಯನ್ನು ಅಚ್ಚು ಹಾಕುವಂತಿಲ್ಲ. ಶುದ್ಧ ಪ್ರಾಣಿಯ ಚರ್ಮವನ್ನು ಹದಮಾಡಿ, ಲಿಪಿಕಾರ ಗರಿಯ ಇಲ್ಲವೆ ಜೊಂಡಿನ ಲೇಖನಿಯಲ್ಲಿ 3,04,805 ಅಕ್ಷರಗಳನ್ನು ಒಂದೊಂದಾಗಿ ಬರೆಯಬೇಕು. ಒಂದಕ್ಷರ ಬಿಟ್ಟುಹೋದರೂ, ಒಡೆದು ಅಳಿಸಿದರೂ ಸುರುಳಿ ಓದಿಗೆ ಸಲ್ಲದು. ಓದುತ್ತಿರುವಾಗಲೇ ಅಂಥ ದೋಷ ಕಂಡರೆ ಅದನ್ನು ಸುತ್ತಿಟ್ಟು ಬೇರೆ ಸುರುಳಿ ತರುತ್ತಾರೆ. ಅಕ್ಷರ ಸರಿಯೋ ತಪ್ಪೋ ಎಂದು ದೊಡ್ಡವರಿಗೆ ಅನುಮಾನ ಬಂದರೆ ಒಂದು ಮಗುವನ್ನು ಕರೆದು ತೋರಿಸುವ ಪದ್ಧತಿಯಿದೆ. ಮಗುವಿಗೆ ಅಕ್ಷರ ಗೊತ್ತಿರಬೇಕು, ಅರ್ಥ ಗೊತ್ತಿರಬಾರದು. ಅರ್ಥ ಬಲ್ಲವರು ಮುಂದಿನ ಪದ ಇದೇ ಇರಬೇಕೆಂದು ಊಹಿಸಿ ಇಲ್ಲದ ಅಕ್ಷರವನ್ನೂ ಕಂಡುಬಿಡುತ್ತಾರೆ. ಮಗು ಕಂಡದ್ದನ್ನಷ್ಟೇ ಹೇಳುತ್ತದೆ. ಪಂಡಿತರ ಸಭೆಯೊಂದು ಪಾಂಡಿತ್ಯದ ಮಿತಿಯನ್ನು ಇಷ್ಟು ಸಲೀಸಾಗಿ ಒಪ್ಪಿಕೊಂಡದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸುರುಳಿಯಲ್ಲಿ ಸ್ವರಚಿಹ್ನೆಗಳಿಲ್ಲ, ವಿರಾಮಚಿಹ್ನೆಗಳಿಲ್ಲ, ರಾಗದ ಗುರುತೂ ಇಲ್ಲ. ವ್ಯಂಜನಗಳಷ್ಟೇ. ಓದುವವನು ವಾರವಿಡೀ ತಾಲೀಮು ಮಾಡಿ ಉಳಿದದ್ದನ್ನೆಲ್ಲ ನೆನಪಿನಲ್ಲಿ ಇಟ್ಟುಕೊಂಡಿರಬೇಕು. ಅಕ್ಷರಗಳನ್ನು ಬೆರಳಿನಿಂದ ಮುಟ್ಟುವಂತಿಲ್ಲ, ತುದಿಯಲ್ಲಿ ಪುಟ್ಟ ಕೈಯಿರುವ ಬೆಳ್ಳಿಯ ಕಡ್ಡಿಯಿಂದ ಸಾಲು ತೋರಿಸುತ್ತ ಹೋಗುತ್ತಾನೆ. ಪಕ್ಕದಲ್ಲಿ ಅಚ್ಚಾದ ಪುಸ್ತಕ ಹಿಡಿದು ನಿಂತ ಗಬ್ಬಾಯ್, ಅಂದರೆ ಮಂದಿರದ ಮೇಲ್ವಿಚಾರಕ, ಅರ್ಥ ಕೆಡುವಂತೆ ತಪ್ಪಿದರೆ ಅಲ್ಲೇ ತಡೆದು ತಿದ್ದುತ್ತಾನೆ. ಎಷ್ಟು ದೊಡ್ಡ ವಿದ್ವಾಂಸನಾದರೂ ತುಂಬಿದ ಸಭೆಯಲ್ಲಿ ತಿದ್ದಿಸಿಕೊಳ್ಳಬೇಕು.

ಶನಿವಾರ ಬೆಳಗಿನ ಪಾಠವನ್ನು ಏಳು ಭಾಗ ಮಾಡಿ, ಏಳು ಜನರನ್ನು ತಂದೆಯ ಹೆಸರಿನೊಡನೆ ಕೂಗಿ ಸುರುಳಿಯ ಬಳಿಗೆ ಕರೆಯುತ್ತಾರೆ. ಈ ಕರೆಗೆ ಅಲಿಯಾ ಎನ್ನುತ್ತಾರೆ. ಮೊದಲ ಕರೆ ಆರೋನನ ವಂಶದ ಯಾಜಕನಿಗೆ, ಎರಡನೆಯದು ಲೇವಿಯ ಕುಲದವನಿಗೆ, ಉಳಿದ ಐದು ಮಿಕ್ಕವರಿಗೆ. ಯಾಜಕನಿಗೇಕೆ ಅಗ್ರಸ್ಥಾನ? ಅವನು ಶ್ರೇಷ್ಠನೆಂಬ ಕಾರಣವನ್ನು ತಾಲ್ಮುದ್‌ಗೆ ಮೂಲವಾದ ಮಿಷ್ನಾ ಇಲ್ಲಿ ಕೊಡುವುದಿಲ್ಲ. ಊರಿನಲ್ಲಿ ಶಾಂತಿ ಇರಲಿ ಎಂದು, ಎನ್ನುತ್ತದೆ. ಮೊದಲು ಯಾರು ಎಂಬ ಜಗಳ ವಾರವಾರವೂ ಏಳದಿರಲು ಹುಟ್ಟಿನಿಂದ ಬಂದ ಒಂದು ಕ್ರಮವನ್ನು ಹಾಗೇ ಉಳಿಸಿಕೊಂಡರು. ಅದು ಶಾಂತಿಯನ್ನು ತಂದಿತೋ, ಜಗಳವನ್ನು ಮೂರನೆಯ ಸ್ಥಾನಕ್ಕೆ ತಳ್ಳಿತೋ ಹೇಳುವುದು ಕಷ್ಟ.

ಆ ಏಳು ಹೆಸರುಗಳನ್ನು ಕೇಳಿಸಿಕೊಂಡರೆ ಸಭೆಯ ಆ ವಾರದ ಸಮಾಚಾರವೆಲ್ಲ ತಿಳಿಯುತ್ತದೆ. ಮದುವೆ ನಿಶ್ಚಯವಾದ ಹುಡುಗ, ಮಗಳು ಹುಟ್ಟಿದ ತಂದೆ, ಕಾಯಿಲೆಯಿಂದ ಎದ್ದವನು, ತಂದೆ ತೀರಿಕೊಂಡ ದಿನ ಹತ್ತಿರ ಬಂದವನು, ಮೊನ್ನೆಯಷ್ಟೇ ಹದಿಮೂರು ತುಂಬಿದವನು, ಹೀಗೆ. ಕೆಲವು ಕಡೆ ಈ ಕರೆಗಳನ್ನು ಸವಾಲು ಕೂಗಿ ಮಾರುವುದೂ ಉಂಟು. ಸಬ್ಬತ್ ದಿನ, ಅಂದರೆ ಶನಿವಾರದ ವಿಶ್ರಾಂತಿಯ ದಿನ, ಹಣ ಮುಟ್ಟುವಂತಿಲ್ಲ, ಬರೆಯುವಂತೆಯೂ ಇಲ್ಲ. ಹಾಗಾಗಿ ಯಾರು ಎಷ್ಟು ಕೂಗಿದರೆಂದು ನೆನಪಿಡಲು ಮೊದಲೇ ಅಚ್ಚು ಹಾಕಿಸಿದ ಚೀಟಿಯ ಅಂಚು ಮಡಿಚುವಂಥ ಉಪಾಯಗಳನ್ನು ಕಂಡುಕೊಂಡಿದ್ದಾರೆ. ಯಾರಿಗೂ ಬೇಡವಾದ ಕರೆಯೂ ಒಂದಿದೆ. ಯಾಜಕಕಾಂಡದಲ್ಲಿ, ಧರ್ಮೋಪದೇಶಕಾಂಡದಲ್ಲಿ ಶಾಪಗಳ ಉದ್ದ ಪಟ್ಟಿ ಬರುತ್ತದೆ. ಆ ವಾರ ತಮ್ಮನ್ನು ಎಲ್ಲಿ ಕರೆಯುತ್ತಾರೋ ಎಂದು ಜನ ಮೆಲ್ಲಗೆ ಜಾರಿಕೊಳ್ಳುತ್ತಿದ್ದರು. ಓದುವವನೇ ಆ ಕರೆಯನ್ನು ತೆಗೆದುಕೊಂಡು, ಕೆಳದನಿಯಲ್ಲಿ ಬೇಗ ಬೇಗ ಓದಿ ಮುಗಿಸುವುದು ಹಲವೆಡೆ ರೂಢಿ.

ಬಹಳ ಹಿಂದೆ ಕರೆಸಿಕೊಂಡವನೇ ತನ್ನ ಭಾಗವನ್ನು ಓದಬೇಕಿತ್ತು. ಯೆಮೆನ್ ಮೂಲದ ಯಹೂದಿಗಳಲ್ಲಿ ಇದು ಇನ್ನೂ ಉಳಿದಿದೆ. ಉಳಿದ ಕಡೆ ಓದುವುದಕ್ಕೆಂದೇ ಒಬ್ಬ ನುರಿತವನಿದ್ದಾನೆ, ಕರೆಸಿಕೊಂಡವನು ಹಿಂದೆ ಮುಂದೆ ಸ್ತುತಿವಾಕ್ಯ ಹೇಳಿದರೆ ಸಾಕು. ಈ ಬದಲಾವಣೆಗೆ ಕೊಡುವ ಕಾರಣಗಳಲ್ಲೊಂದು ಓದಲು ಬಾರದವನಿಗೆ ಅವಮಾನವಾಗಬಾರದು ಎಂಬುದು. ಇದಕ್ಕೊಂದು ಹಳೆಯ ಮಾದರಿಯಿದೆ. ಯೆರೂಸಲೇಮಿನ ದೇವಾಲಯಕ್ಕೆ ಮೊದಲ ಫಸಲು ತರುವ ರೈತ ಹೀಬ್ರೂವಿನಲ್ಲಿ ಒಂದು ಪಾಠ ಒಪ್ಪಿಸಬೇಕಿತ್ತು. ಬಲ್ಲವರು ತಾವೇ ಹೇಳುತ್ತಿದ್ದರು, ಬಾರದವರಿಗೆ ಹೇಳಿಕೊಡಲಾಗುತ್ತಿತ್ತು. ನಾಚಿಕೆಗೆ ಹೆದರಿ ಬಾರದವರು ಫಸಲು ತರುವುದನ್ನೇ ಬಿಟ್ಟರು. ಆಗ ಬಲ್ಲವರಿಗೂ ಬಾರದವರಿಗೂ ಸಮನಾಗಿ ಹೇಳಿಕೊಡಬೇಕೆಂದು ಕಟ್ಟಳೆ ಮಾಡಿದರು ಎಂದು ಮಿಷ್ನಾ ಹೇಳುತ್ತದೆ. ಬಲ್ಲವರಿಗೆ ತಮ್ಮ ಬಲ್ಲವಿಕೆ ತೋರಿಸುವ ಅವಕಾಶ ತಪ್ಪಿತು. ಸಭೆ ನಡೆಸುವವರು ಕಲಿಯಬಹುದಾದ ಪಾಠ ಇದಕ್ಕಿಂತ ಒಳ್ಳೆಯದಿದ್ದರೆ ನನಗೆ ಗೊತ್ತಿಲ್ಲ.

ಮಧ್ಯಯುಗದ ಜರ್ಮನಿ, ಫ್ರಾನ್ಸ್‌ಗಳ ಯಹೂದಿಗಳಲ್ಲಿ ಇನ್ನೊಂದು ಪದ್ಧತಿಯಿತ್ತು. ಅನ್ಯಾಯವಾಗಿದೆ, ಊರ ಹಿರಿಯರು ಕಿವಿಗೊಡುತ್ತಿಲ್ಲ ಎನ್ನುವ ಯಾರೇ ಆದರೂ, ವಿಧವೆಯಾಗಲಿ ಅನಾಥರಾಗಲಿ, ತೋರಾ ಓದಿನ ಹೊತ್ತಿಗೆ ಎದ್ದು ನಿಂತು ಓದನ್ನೇ ತಡೆಯಬಹುದಾಗಿತ್ತು. ದೂರು ವಿಚಾರಿಸುತ್ತೇವೆಂದು ಮಾತು ಕೊಡುವವರೆಗೆ ಪೂಜೆ ಮುಂದಕ್ಕೆ ಹೋಗುತ್ತಿರಲಿಲ್ಲ. ಪೂರ್ವ ಯುರೋಪಿನಲ್ಲಿ ಇದು ತೀರ ಇತ್ತೀಚಿನವರೆಗೂ ನಡೆದುಕೊಂಡು ಬಂತು. ಇದರ ದುರುಪಯೋಗವೂ ಆಗಿರಲೇಬೇಕು, ಅದಕ್ಕೆಂದೇ ಯಾವಾಗ ತಡೆಯಬಹುದು, ಎಷ್ಟು ಸಲ ತಡೆಯಬಹುದು ಎಂಬ ನಿಯಮಗಳು ಬೆಳೆದವು. ಆದರೂ ಪದ್ಧತಿಯನ್ನು ಕೈಬಿಡಲಿಲ್ಲ.

ವಾರದ ಪಾಠದ ಮೇಲಿನ ಪ್ರವಚನಕ್ಕೆ ಬರೋಣ. ಮತ್ತೆ ಅದೇ ಗೂಢಚಾರರ ಪಾಠವನ್ನೇ ತೆಗೆದುಕೊಳ್ಳುತ್ತೇನೆ. ಅರಣ್ಯಕಾಂಡದ ಪ್ರಕಾರ ಅವರನ್ನು ಕಳಿಸಲು ದೇವರೇ ಹೇಳಿದ. ಧರ್ಮೋಪದೇಶಕಾಂಡದಲ್ಲಿ ಮೋಶೆ ಅದನ್ನೇ ನೆನೆಯುತ್ತ, ಕಳಿಸೆಂದು ಜನರೇ ಕೇಳಿಕೊಂಡರೆನ್ನುತ್ತಾನೆ. ಈ ತೊಡಕನ್ನು ಬಿಡಿಸಲು 11ನೇ ಶತಮಾನದ ಫ್ರೆಂಚ್ ವ್ಯಾಖ್ಯಾನಕಾರ ರಾಶಿ, ದೇವರು ಆಜ್ಞೆ ಮಾಡಲಿಲ್ಲ, ನಿನಗೆ ಬೇಕಾದರೆ ಕಳಿಸು ಎಂದನಷ್ಟೇ ಎಂದು ಓದಿದ. ಭಕ್ತಿಪ್ರಧಾನವಾದ ಹಾಸಿದ್ ಪಂಥದವರ ಓದು ಇನ್ನೂ ಬೇರೆ. ಗೂಢಚಾರರು ಹೇಡಿಗಳಲ್ಲ, ಅತಿಯಾದ ದೈವಭಕ್ತರು; ಮರುಭೂಮಿಯಲ್ಲಿ ಆಕಾಶದಿಂದ ಮನ್ನ ಎಂಬ ಆಹಾರ ಬೀಳುತ್ತಿತ್ತು, ಧ್ಯಾನಕ್ಕೆ ಬೇಕಾದಷ್ಟು ಬಿಡುವಿತ್ತು, ಕಾನಾನಿಗೆ ಹೋದರೆ ಉಳಬೇಕು, ಬಿತ್ತಬೇಕು, ಅದಕ್ಕೇ ಬೇಡವೆಂದರು ಎನ್ನುತ್ತಾರೆ. ನನಗೆ ಹಿಡಿಸುವುದು ಮಿದ್ರಾಷ್ ಎಂಬ ಹಳೆಯ ವ್ಯಾಖ್ಯಾನದ ಮಾತು. ನಿಮ್ಮ ಕಣ್ಣಿಗೆ ನೀವು ಮಿಡತೆಗಳಾಗಿ ಕಂಡಿರೆಂದರೆ ಕ್ಷಮಿಸುತ್ತೇನೆ, ಅವರ ಕಣ್ಣಿಗೂ ಹಾಗೇ ಕಂಡಿರೆಂದು ನಿಮಗೆ ಹೇಳಿದವರು ಯಾರು, ನಿಮ್ಮನ್ನು ಅವರಿಗೆ ದೇವದೂತರಂತೆ ತೋರಿಸಿದ್ದೆನೋ ಏನೋ ಎಂದು ದೇವರು ಕೇಳುತ್ತಾನಂತೆ. ತೋರಾ ಪಾಠದ ಬಳಿಕ ಪ್ರವಾದಿಗಳ ಗ್ರಂಥದಿಂದಲೂ ಒಂದು ತುಣುಕು ಓದುತ್ತಾರೆ. ಈ ವಾರಕ್ಕೆ ಹಿಂದಿನವರು ಆರಿಸಿದ್ದು ನಲವತ್ತು ವರ್ಷದ ನಂತರದ ಕಥೆ. ಯೆಹೋಶುವ ಈ ಸಲ ಇಬ್ಬರನ್ನೇ, ಗುಟ್ಟಾಗಿ, ಯೆರಿಕೋಗೆ ಕಳಿಸುತ್ತಾನೆ. ಅವರನ್ನು ಕಾಪಾಡುವವಳು ರಾಹಾಬಳೆಂಬ ವೇಶ್ಯೆ. ಅವಳು ಪರಜಾತಿಯವಳು ಬೇರೆ.

ಅದೇ ಪಾಠದ ಕೊನೆಯ ಅಧ್ಯಾಯದಲ್ಲಿ ಪ್ರವಚನಕಾರರು ಹೆಚ್ಚು ನಿಲ್ಲದ ಒಂದು ಕಟ್ಟಳೆಯಿದೆ. ನಿಮ್ಮಲ್ಲೇ ಹುಟ್ಟಿದವನಿಗೂ ನಿಮ್ಮ ನಡುವೆ ಬಂದು ನೆಲೆಸಿದ ಪರಕೀಯನಿಗೂ ನಿಯಮ ಒಂದೇ, ದೇವರ ಎದುರು ಇಬ್ಬರೂ ಸಮಾನ ಎಂದು ಮತ್ತೆ ಮತ್ತೆ ಹೇಳುತ್ತದೆ. ಕೊಚ್ಚಿಯ ಪರದೇಶಿ ಸಿನಗಾಗ್‌ನಲ್ಲಿ ಇದನ್ನು ಪ್ರತಿ ವರ್ಷ ರಾಗವಾಗಿ ಓದುತ್ತಿದ್ದರು. ಓದುವ ಹೊತ್ತಿಗೆ ಅದೇ ಮಂದಿರದ ಬಾಗಿಲ ಬಳಿ ಕೆಲವರು ನೆಲದ ಮೇಲೆ ಕುಳಿತಿರುತ್ತಿದ್ದರು. ಅವರು ಮೆಷುಖ್ರಾರಿಮ್, ಅಂದರೆ ಒಂದು ಕಾಲದಲ್ಲಿ ಯಹೂದಿ ಮನೆಗಳ ಗುಲಾಮರಾಗಿದ್ದು ಬಿಡುಗಡೆ ಪಡೆದವರ ಸಂತತಿ. ಅವರೂ ಸಬ್ಬತ್ ಹಿಡಿಯುತ್ತಿದ್ದರು, ಪ್ರಾರ್ಥನೆಗಳನ್ನು ಬಲ್ಲವರಾಗಿದ್ದರು. ಬೆಂಚಿನ ಮೇಲೆ ಕೂರುವ ಹಕ್ಕು ಇರಲಿಲ್ಲ, ಉಳಿದವರಂತೆ ಸುರುಳಿಯ ಮುಂದಕ್ಕೆ ಕರೆ ಬರುತ್ತಿರಲಿಲ್ಲ. ಪಂಕ್ತಿಭೇದ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ಪೇನ್ ಮುಂತಾದ ಕಡೆಯಿಂದ ಬಂದ ಪರದೇಶಿಗಳು, ಅವರಿಗಿಂತ ಎಷ್ಟೋ ಮೊದಲೇ ಕೇರಳದಲ್ಲಿದ್ದ ಮಲಬಾರಿ ಯಹೂದಿಗಳನ್ನೂ ತಮಗಿಂತ ಕೆಳಗಿಟ್ಟಿದ್ದರು.

ಶಾಸ್ತ್ರ ಗೊತ್ತಿರಲಿಲ್ಲ ಎನ್ನುವಂತಿಲ್ಲ. 16ನೇ ಶತಮಾನದಲ್ಲೇ ಕೊಚ್ಚಿಯ ಈ ತಕರಾರು ಕೈರೋದ ದೊಡ್ಡ ರಬ್ಬಿ ಡೇವಿಡ್ ಇಬ್ನ್ ಜಿಮ್ರಾ ಅವರವರೆಗೆ ಹೋಗಿತ್ತು. ವಿಧಿಪ್ರಕಾರ ಸ್ನಾನ ಮಾಡಿಸಿ ಸೇರಿಸಿಕೊಂಡರೆ ಗುಲಾಮರ ಸಂತತಿಯವರೂ ಯಹೂದಿಗಳೇ, ಕೊಡುವ ತರುವ ಸಂಬಂಧವೂ ಆಗಬಹುದು ಎಂದು ಅವರು ತೀರ್ಪು ಬರೆದರು. ಪತ್ರ ಬಂತು, ಬೆಂಚು ಖಾಲಿಯಾಗಲಿಲ್ಲ. 19ನೇ ಶತಮಾನದಲ್ಲಿ ಮೆಷುಖ್ರಾರಿಮ್ ಪೈಕಿ ಕೆಲವರು ರೋಸಿ ಹೊರನಡೆದು ಫೋರ್ಟ್ ಕೊಚ್ಚಿಯಲ್ಲಿ ತಮ್ಮದೇ ಪ್ರಾರ್ಥನಾಗೃಹ ಮಾಡಿಕೊಂಡರು. ಅದು ಉಳಿಯಲಿಲ್ಲ.

ಆಮೇಲೆ ಬಂದವರು ಅಬ್ರಹಾಂ ಬರಾಕ್ ಸೇಲಂ (1882–1967). ಮೆಷುಖ್ರಾರಿಮ್ ಪೈಕಿ ಪದವೀಧರರಾದ ಮೊದಲಿಗರು, ವಕೀಲರು, ಕೊಚ್ಚಿ ಸಂಸ್ಥಾನದ ಶಾಸನ ಪರಿಷತ್ತಿನ ಸದಸ್ಯರು, ಕಾರ್ಮಿಕರ ಪರ ಮಾತಾಡಿದವರು. 1929ರಲ್ಲಿ ಪೂರ್ಣ ಸ್ವರಾಜ್ಯದ ನಿರ್ಣಯವಾದ ಲಾಹೋರ್ ಕಾಂಗ್ರೆಸ್ ಅಧಿವೇಶನಕ್ಕೂ ಹೋಗಿದ್ದರು. ಊರವರು ಅವರನ್ನು ಯಹೂದಿ ಗಾಂಧಿ ಎಂದರು. ಗಾಂಧಿಯಿಂದ ಕಲಿತ ಸತ್ಯಾಗ್ರಹವನ್ನು ಅವರು ತಮ್ಮ ಸಿನಗಾಗ್‌ನೊಳಕ್ಕೇ ತಂದರು. ಬೇರೆ ಮಂದಿರ ಕಟ್ಟಲಿಲ್ಲ, ಹಟ ಹಿಡಿದರು. 1930ರ ದಶಕದಿಂದ ಕಟ್ಟುಪಾಡು ಒಂದೊಂದಾಗಿ ಸಡಿಲವಾಯಿತು. ಗಾಂಧಿಯ ಹೆಸರಿನ ಜೊತೆ ಅವರನ್ನು ನೆನೆಯುವುದು ಸರಿಯೇ. ಆದರೆ ಓದನ್ನು ತಡೆದು ನ್ಯಾಯ ಕೇಳುತ್ತಿದ್ದ ಆ ಮಧ್ಯಯುಗದ ವಿಧವೆಯರ ಸಾಲಿನಲ್ಲೂ ಅವರಿಗೊಂದು ಜಾಗ ಇದೆ ಎಂದು ನಾನು ಹೇಳುತ್ತೇನೆ.

ಕೊಂಕಣದ ಬೆನೆ ಇಸ್ರೇಲ್ ಯಹೂದಿಗಳ ಅನುಭವವೂ ಇದರ ನೆಂಟನೇ. ಶನಿವಾರ ಗಾಣ ನಿಲ್ಲಿಸುತ್ತಿದ್ದ ಇವರನ್ನು ಸುತ್ತಲಿನವರು ಶನಿವಾರ ತೇಲಿ, ಅಂದರೆ ಶನಿವಾರದ ಗಾಣಿಗರು, ಎನ್ನುತ್ತಿದ್ದರು. ಅವರಲ್ಲಿ ಸುರುಳಿ ಇರಲಿಲ್ಲ, ಹೀಬ್ರೂ ಮರೆತುಹೋಗಿತ್ತು. ಸಬ್ಬತ್ ಉಳಿದಿತ್ತು, ಶೆಮಾ ಎಂಬ ಪ್ರಾರ್ಥನೆ ಉಳಿದಿತ್ತು. ಓದು ಕಲಿಸಲು ಕೊಚ್ಚಿಯಿಂದ ಉಪಾಧ್ಯಾಯರು ಹೋದರು. ಮುಂಬಯಿಯ ಮೊದಲ ಸಿನಗಾಗ್ ಎದ್ದ ಕಥೆ ಶ್ರೀರಂಗಪಟ್ಟಣವನ್ನು ಹಾದು ಹೋಗುತ್ತದೆ. ಕಂಪನಿ ಸೈನ್ಯದ ಅಧಿಕಾರಿ ಸಾಮ್ಯುಯೆಲ್ ಎಜೆಕಿಯೆಲ್ ದಿವೇಕರ್ ಎರಡನೇ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕರು. ನೀವು ಯಾರೆಂದು ಕೇಳಿದಾಗ ಬೆನೆ ಇಸ್ರೇಲ್ ಎಂದರಂತೆ. ಕುರಾನಿನಲ್ಲಿ ಹೆಸರಿರುವ ಜನ ಇವರು, ಕೊಲ್ಲಬೇಡ ಎಂದು ಟಿಪ್ಪುವಿನ ತಾಯಿ ಮಗನಿಗೆ ಹೇಳಿದಳೆಂಬುದು ಆ ಸಮುದಾಯದವರು ಹೇಳಿಕೊಂಡು ಬಂದ ಕಥೆ. ಬಿಡುಗಡೆಯಾಗಿ ಮುಂಬಯಿಗೆ ಮರಳಿದ ದಿವೇಕರ್ 1796ರಲ್ಲಿ ಸಿನಗಾಗ್ ಕಟ್ಟಿಸಿದರು. ಶಾರ್ ಹರಹಮೀಮ್, ಕರುಣೆಯ ಬಾಗಿಲು, ಎಂದು ಅದಕ್ಕೆ ಹೆಸರು.

ಮುಸ್ಲಿಂ ಅರಮನೆಯಲ್ಲಿ ಗುರುತು ಸಿಕ್ಕ ಇದೇ ಬೆನೆ ಇಸ್ರೇಲರನ್ನು ಬಾಗ್ದಾದಿನಿಂದ ಬಂದ ಸಿರಿವಂತ ಯಹೂದಿಗಳು ಪೂರ್ತಿ ಯಹೂದಿಗಳೆಂದು ಒಪ್ಪಲು ಹಿಂಜರಿದರು. ತಮ್ಮ ಮಂದಿರಗಳಲ್ಲಿ ಸುರುಳಿಯ ಬಳಿಗೆ ಕರೆಯಲಿಲ್ಲ. ರಂಗೂನಿನಲ್ಲಿ 1930ರ ದಶಕದಲ್ಲಿ ಜಗಳ ನ್ಯಾಯಾಲಯದ ಮೆಟ್ಟಿಲೇರಿ, ತೀರ್ಪು ಬೆನೆ ಇಸ್ರೇಲರ ಪರವಾಯಿತು. ಇಸ್ರೇಲಿಗೆ ವಲಸೆ ಹೋದ ಮೇಲೂ ತಪ್ಪಲಿಲ್ಲ. ಮದುವೆಗೆ ಮೊದಲು ಇವರ ವಂಶಾವಳಿಯನ್ನು ತಪಾಸಣೆ ಮಾಡಬೇಕೆಂದು 1960ರ ದಶಕದ ಆರಂಭದಲ್ಲಿ ಅಲ್ಲಿನ ಮುಖ್ಯ ರಬ್ಬಿಗಳ ಮಂಡಳಿ ಸೂಚಿಸಿತು. ಬೀದಿಗಿಳಿದು ಹೋರಾಡಿದ ಮೇಲೆ, 1964ರಲ್ಲಿ, ಅವರು ಎಲ್ಲ ರೀತಿಯಲ್ಲೂ ಯಹೂದಿಗಳೇ ಎಂಬ ಘೋಷಣೆ ಬಂತು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಗಂಡಸರ ಜಗಳ. ಕೇರಳದ ಸಿನಗಾಗ್‌ಗಳಲ್ಲಿ ಬೇರೆಲ್ಲೂ ಕಾಣದ ಒಂದು ವಿಶೇಷವಿದೆ. ಸುರುಳಿ ಓದುವ ವೇದಿಕೆ ಕೆಳಗೊಂದು, ಮಹಡಿಯಲ್ಲೊಂದು. ಸಬ್ಬತ್ ದಿನ ಮೇಲಿನದರಲ್ಲಿ ಓದುತ್ತಿದ್ದರು, ಹೆಂಗಸರು ಕೂರುವ ಜಾಗಕ್ಕೆ ತಗುಲಿಕೊಂಡೇ. ತೋರಾವನ್ನು ಅಷ್ಟು ಹತ್ತಿರದಿಂದ ಕೇಳುವ ಭಾಗ್ಯ ಬೇರೆ ದೇಶದ ಯಹೂದಿ ಹೆಂಗಸರಿಗೆ ಇರಲಿಲ್ಲ. ಹೆಸರು ಕೂಗಿ ಕರೆಯುವುದು ಮಾತ್ರ ಇಲ್ಲೂ ಇರಲಿಲ್ಲ. ತಾಲ್ಮುದ್ ಏನು ಹೇಳುತ್ತದೆ ನೋಡಿದರೆ, ಏಳು ಜನರ ಲೆಕ್ಕಕ್ಕೆ ಹೆಣ್ಣೂ ಸಲ್ಲುತ್ತಾಳೆ, ಆದರೆ ಸಭೆಯ ಗೌರವದ ದೃಷ್ಟಿಯಿಂದ ಅವಳು ಓದುವುದು ಬೇಡ ಎಂದಿದೆ. ನ್ಯೂಯಾರ್ಕಿನಲ್ಲಿ 1922ರಲ್ಲಿ ರಬ್ಬಿ ಮಾರ್ಡೆಕೈ ಕಪ್ಲಾನ್ ಅವರ ಹನ್ನೆರಡು ವರ್ಷದ ಮಗಳು ಜುಡಿತ್ ಸಭೆಯಲ್ಲಿ ಓದಿದಳು. ಅದೂ ಸುರುಳಿಯಿಂದಲ್ಲ, ಸ್ವಲ್ಪ ದೂರದಲ್ಲಿ ನಿಂತು ಅಚ್ಚಾದ ಪುಸ್ತಕದಿಂದ. ಅಮೆರಿಕದ ಕನ್ಸರ್ವೇಟಿವ್ ಪಂಥ 1955ರಲ್ಲಿ ಹೆಂಗಸರನ್ನು ಸುರುಳಿಯ ಬಳಿಗೆ ಕರೆಯಬಹುದೆಂದಿತು, 1973ರಲ್ಲಿ ಮಿನ್ಯಾನ್ ಲೆಕ್ಕಕ್ಕೂ ಸೇರಿಸಿಕೊಳ್ಳಬಹುದೆಂದಿತು. ಆರ್ಥಡಾಕ್ಸ್ ಪಂಥದ ವಿದ್ವಾಂಸ ಡೇನಿಯಲ್ ಸ್ಪರ್ಬರ್ ಅವರ ವಾದ ಇನ್ನೊಂದು ದಾರಿಯದು. ಸಭೆಯ ಗೌರವಕ್ಕಿಂತ ಮನುಷ್ಯರ ಘನತೆ ದೊಡ್ಡದೆಂದು ತಾಲ್ಮುದ್ ಆಧಾರವನ್ನೇ ಹಿಡಿದು ಅವರು ಬರೆದಿದ್ದಾರೆ. ಯೆರೂಸಲೇಮಿನ ಶಿರಾ ಹದಾಶಾ ಎಂಬ ಸಭೆ ಇಂಥ ವಾದಗಳನ್ನು ಆಚರಣೆಗೆ ತಂದಿದೆ. ಗಂಡಸರು ಹೆಂಗಸರ ನಡುವೆ ಪರದೆಯಿದ್ದರೂ ಅಲ್ಲಿ ಹೆಂಗಸರನ್ನೂ ಸುರುಳಿಯ ಮುಂದೆ ಕರೆಯುತ್ತಾರೆ. ಹತ್ತು ಗಂಡಸರು ಬಂದ ಮಾತ್ರಕ್ಕೆ ಪ್ರಾರ್ಥನೆ ಶುರುವಾಗುವುದಿಲ್ಲ, ಹತ್ತು ಹೆಂಗಸರೂ ಬರುವವರೆಗೆ ಕಾಯುತ್ತಾರೆ. ಇದನ್ನು ಒಪ್ಪದ ಆರ್ಥಡಾಕ್ಸ್ ರಬ್ಬಿಗಳೇ ಇವತ್ತಿಗೂ ಹೆಚ್ಚು.